ಬೇಬ್ ರೂತ್: ಹುಸಿಹೋದ ಏಟುಗಳ ಲೆಕ್ಕ

ಅಮೆರಿಕದ ಬೇಸ್‌ಬಾಲ್ ಆಟದ ಲೆಕ್ಕಪುಸ್ತಕದಲ್ಲಿ ಬೇಬ್ ರೂತನ ಹೆಸರಿನೆದುರು ಬರೆದಿರುವ ಸಂಖ್ಯೆಗಳಲ್ಲಿ ಒಂದು ಮಾತ್ರ ಜನರ ನಾಲಗೆಯ ಮೇಲೆ ಉಳಿದಿದೆ. ಅದು ೭೧೪. ೧೯೧೪ರಿಂದ ೧೯೩೫ರವರೆಗೆ, ಇಪ್ಪತ್ತೆರಡು ಋತುಗಳ ಆಟದಲ್ಲಿ, ಅವನು ಹೊಡೆದ ಹೋಮ್‌ರನ್ನುಗಳ ಮೊತ್ತ ಅದು. ೧೯೭೪ರಲ್ಲಿ ಹ್ಯಾಂಕ್ ಏರನ್ ಅದನ್ನು ದಾಟುವವರೆಗೆ ಅಲ್ಲಿನ ಶಾಲಾಬಾಲಕರಿಗೆ ಆ ಸಂಖ್ಯೆ ಮಗ್ಗಿಯಂತೆ ಬಾಯಿಗೆ ಬರುತ್ತಿತ್ತು. ಅದೇ ಪುಟದಲ್ಲಿ, ಕೆಲವು ಅಂಕಣಗಳ ಆಚೆಗೆ, ಇನ್ನೊಂದು ಸಂಖ್ಯೆಯಿದೆ: ೧,೩೩೦. ಅಷ್ಟು ಸಲ ಅವನು ಚೆಂಡನ್ನು ಹೊಡೆಯಲಾರದೆ ಬರಿಗೈಯಲ್ಲಿ ಹಿಂದಿರುಗಿದನು. ಅವನು ಆಟ ಬಿಟ್ಟ ದಿನ ಎರಡೂ ದಾಖಲೆಗಳೇ ಆಗಿದ್ದವು. ಅವನಷ್ಟು ಹೋಮ್‌ರನ್ ಹೊಡೆದವನೂ ಇರಲಿಲ್ಲ. ಅವನಷ್ಟು ಸಲ ಸ್ಟ್ರೈಕ್‌ಔಟ್ ಆದವನೂ ಇರಲಿಲ್ಲ. ಮೊದಲ ಸಂಖ್ಯೆಯ ಕಥೆಯನ್ನು ಹೇಳಿದವರು ಬಹಳ ಮಂದಿ. ಎರಡನೆಯದರ ಜಾಡು ಹಿಡಿದು ಹೊರಟರೆ ಮನುಷ್ಯನು ಇನ್ನೂ ಸ್ವಲ್ಪ ಹತ್ತಿರದಿಂದ ಕಾಣುತ್ತಾನೆಂದು ನನಗೆ ತೋರುತ್ತದೆ.

ಕ್ರಿಕೆಟ್ಟಿನ ಪರಿಚಯವಿರುವ ನಮ್ಮ ವಾಚಕರಿಗೆ ಸ್ಟ್ರೈಕ್‌ಔಟ್ ಎಂದರೇನೆಂದು ಒಂದೆರಡು ಮಾತಿನಲ್ಲಿ ಹೇಳಬೇಕು. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಅವನೆಸೆದ ಚೆಂಡು ನೆಲಕ್ಕೆ ಪುಟಿಯದೆ, ದಾಂಡಿಗನ ಮೊಣಕಾಲಿಗೂ ಎದೆಗೂ ನಡುವಣ ಎತ್ತರದಲ್ಲಿ ನೇರವಾಗಿ ಹಾಯ್ದು ಬರಬೇಕು. ಹಾಗೆ ಬಂದ ಚೆಂಡನ್ನು ಹೊಡೆಯದೆ ಬಿಟ್ಟರೆ ಒಂದು ಸ್ಟ್ರೈಕ್. ಚೆಂಡು ಹೇಗೆಯೇ ಬರಲಿ, ಬ್ಯಾಟು ಬೀಸಿ ತಪ್ಪಿದರೂ ಒಂದು ಸ್ಟ್ರೈಕ್. ಮೂರಾದರೆ ಔಟು. ಮೂರು ಸಲ ತಪ್ಪಿದರೆ ಸರದಿ ಬಿಡಬೇಕೆಂಬ ಕಟ್ಟಳೆ ನಮ್ಮ ಚಿನ್ನಿದಾಂಡಿನಲ್ಲಿಯೂ ಹಲವೆಡೆ ಉಂಟು. ಆದ್ದರಿಂದ ಇದರ ಅವಮಾನ ನಮಗೆ ತೀರ ಅಪರಿಚಿತವಲ್ಲ. ಬೇರೆ ಬಗೆಯ ಔಟುಗಳಲ್ಲಿ ಚೆಂಡು ಬ್ಯಾಟಿಗೆ ತಾಕಿತ್ತು, ಹಿಡಿದವನು ಚತುರನಾಗಿದ್ದನು ಎಂದು ಮನಸ್ಸನ್ನು ಸಮಾಧಾನಪಡಿಸಿಕೊಳ್ಳಬಹುದು. ಸ್ಟ್ರೈಕ್‌ಔಟಿನಲ್ಲಿ ಅಂತಹ ನೆವವಿಲ್ಲ. ಸಾವಿರಾರು ಜನರೆದುರು ಗಾಳಿಯನ್ನು ಹೊಡೆದು ಹಿಂದಿರುಗಬೇಕು.

ಜಾರ್ಜ್ ಹರ್ಮನ್ ರೂತ್ ೧೮೯೫ರ ಫೆಬ್ರವರಿ ೬ರಂದು ಬಾಲ್ಟಿಮೋರ್ ನಗರದಲ್ಲಿ ಹುಟ್ಟಿದನು. ತಾನು ಹುಟ್ಟಿದ್ದು ೧೮೯೪ರಲ್ಲಿ ಎಂದೇ ಅವನು ಬಹುಕಾಲ ನಂಬಿದ್ದನು. ೧೯೩೪ರಲ್ಲಿ ಜಪಾನಿಗೆ ಹೋಗಲು ಪಾಸ್‌ಪೋರ್ಟು ಬೇಕಾದಾಗ ಜನನಪತ್ರವನ್ನು ತೆಗೆಸಿ ನೋಡಿ, ತಾನು ಒಂದು ವರ್ಷ ಚಿಕ್ಕವನೆಂದು ತಿಳಿದನು. ಮಗನ ಹುಟ್ಟಿದ ವರ್ಷವನ್ನು ಸರಿಯಾಗಿ ಹೇಳಿಕೊಡುವವರೂ ಆ ಮನೆಯಲ್ಲಿ ಇರಲಿಲ್ಲವೆನ್ನೋಣ. ತಂದೆ ಹೆಂಡದಂಗಡಿಯವನು. ಎಂಟು ಮಕ್ಕಳಲ್ಲಿ ಬದುಕಿ ದೊಡ್ಡವರಾದವರು ಇವನೂ ಒಬ್ಬ ತಂಗಿಯೂ ಮಾತ್ರ. ಬೀದಿಯಲ್ಲಿ ಬೆಳೆದ ಹುಡುಗನು ಕೈಗೆ ಸಿಕ್ಕದಾದಾಗ ೧೯೦೨ರ ಜೂನ್ ೧೩ರಂದು, ಅವನ ಏಳನೆಯ ವಯಸ್ಸಿನಲ್ಲಿ, ತಂದೆತಾಯಿಗಳು ಅವನನ್ನು ಸೇಂಟ್ ಮೇರೀಸ್ ಎಂಬ ಕೈಗಾರಿಕಾ ಶಾಲೆಗೆ ಒಪ್ಪಿಸಿದರು. ಅನಾಥರನ್ನೂ ಪುಂಡ ಹುಡುಗರನ್ನೂ ಒಟ್ಟಿಗೆ ಸಾಕುತ್ತಿದ್ದ ಸ್ಥಳ ಅದು. ಕ್ಯಾಥೊಲಿಕ್ ಸಂನ್ಯಾಸಿಗಳು ನಡೆಸುತ್ತಿದ್ದರು. ನಡುವೆ ಕೆಲವು ಸಲ ಮನೆಗೆ ಬಂದುಹೋದದ್ದನ್ನು ಬಿಟ್ಟರೆ, ಮುಂದಿನ ಹನ್ನೆರಡು ವರ್ಷ ಅವನ ಬಾಳು ಆ ಗೋಡೆಗಳೊಳಗೇ ಕಳೆಯಿತು. ತಾಯಿ ೧೯೧೨ರಲ್ಲಿ ತೀರಿಕೊಂಡಳು.

ಅಲ್ಲಿ ಅವನು ಅಂಗಿ ಹೊಲಿಯುವುದನ್ನು ಕಲಿತನು. ಹೆಸರುವಾಸಿಯಾದ ಮೇಲೂ ತನ್ನ ಅಂಗಿಯ ಕೊರಳಪಟ್ಟಿಯನ್ನು ತಾನೇ ಸರಿಪಡಿಸಿಕೊಳ್ಳುತ್ತಿದ್ದನಂತೆ. ಇನ್ನೊಂದು ವಿದ್ಯೆಯನ್ನು ಕಲಿಸಿದವರು ಮಥಾಯಸ್ ಎಂಬ ಭಾರೀ ಮೈಕಟ್ಟಿನ ಸಂನ್ಯಾಸಿ. ಶಿಸ್ತಿನ ಮೇಲ್ವಿಚಾರಕರಾಗಿದ್ದ ಅವರು ಬಿಡುವಿನ ವೇಳೆಯಲ್ಲಿ ಮೈದಾನಕ್ಕೆ ಬಂದು ಒಂದೊಂದೇ ಚೆಂಡನ್ನು ಬಹುದೂರಕ್ಕೆ ಹೊಡೆಯುತ್ತಿದ್ದರು. ಹುಡುಗನು ಬಾಯಿ ತೆರೆದು ನೋಡುತ್ತಿದ್ದನು. ರೂತ್ ಎಡಗೈಯವನು, ಶಾಲೆಯಲ್ಲಿದ್ದ ಕೈಗವಸುಗಳು ಬಲಗೈಯವರವು. ಎಡಗೈಗೆ ಹಾಕಿದ್ದ ಆ ಗವಸಿನಿಂದಲೇ ಚೆಂಡು ಹಿಡಿದು, ಗವಸನ್ನು ಕಳಚಿ, ಅದೇ ಕೈಯಿಂದ ಎಸೆಯುವ ಚಮತ್ಕಾರವನ್ನು ಅಭ್ಯಾಸ ಮಾಡಿಕೊಂಡನು. ತನ್ನನ್ನು ಮನುಷ್ಯನನ್ನಾಗಿ ಮಾಡಿದವರು ಮಥಾಯಸ್ ಎಂಬುದನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ೧೯೧೯ರಲ್ಲಿ ಆ ಶಾಲೆ ಬೆಂಕಿಗೆ ಆಹುತಿಯಾದಾಗ, ಮರುವರ್ಷ ಶಾಲೆಯ ವಾದ್ಯಮೇಳದ ಹುಡುಗರನ್ನು ತನ್ನ ತಂಡದೊಡನೆ ಊರೂರಿಗೆ ಕರೆದೊಯ್ದು ಹಣ ಕೂಡಿಸಲು ನೆರವಾದನು.

೧೯೧೪ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ತಂಡದ ಒಡೆಯ ಜ್ಯಾಕ್ ಡನ್ ಶಾಲೆಗೆ ಬಂದು, ಒಂದು ಋತುವಿಗೆ ಆರುನೂರು ಡಾಲರಿನಂತೆ ಅವನನ್ನು ಕರೆದೊಯ್ದನು. ವಯಸ್ಸಿಗೆ ಬಾರದ ಹುಡುಗನಾದುದರಿಂದ ಡನ್ ಕಾನೂನಿನಂತೆ ಅವನ ಪೋಷಕನೂ ಆಗಬೇಕಾಯಿತು. ಡನ್ನನ ಕೂಸು ಎಂದು ಇತರ ಆಟಗಾರರು ಹಾಸ್ಯಮಾಡಿದರು. ಬೇಬ್ ಎಂಬ ಹೆಸರು ಅಂದು ಅಂಟಿದ್ದು ಗೋರಿಯ ಕಲ್ಲಿನವರೆಗೂ ಬಿಡಲಿಲ್ಲ. ಐದು ತಿಂಗಳೊಳಗೆ ಡನ್ ಹಣದ ಮುಗ್ಗಟ್ಟಿಗೆ ಸಿಕ್ಕಿ ಅವನನ್ನು ಬಾಸ್ಟನ್ ರೆಡ್ ಸಾಕ್ಸ್ ತಂಡಕ್ಕೆ ಮಾರಿದನು. ಜುಲೈ ೧೧ರಂದು ಕ್ಲೀವ್‌ಲೆಂಡ್ ತಂಡದೆದುರು ರೂತ್ ಮೊದಲ ಬಾರಿಗೆ ದೊಡ್ಡ ಮೈದಾನಕ್ಕೆ ಇಳಿದನು. ಪಿಚರ್ ಆಗಿ ಆ ದಿನ ಗೆದ್ದನು. ಬ್ಯಾಟು ಹಿಡಿದು ನಿಂತ ಮೊಟ್ಟಮೊದಲ ಸರದಿಯಲ್ಲಿ ಮಾತ್ರ ಸ್ಟ್ರೈಕ್‌ಔಟ್ ಆದನು. ೧,೩೩೦ರ ಲೆಕ್ಕ ಅಲ್ಲಿಂದ ಮೊದಲು.

ಆ ಕಾಲದ ಬೇಸ್‌ಬಾಲಿನ ರೀತಿಯೇ ಬೇರೆಯಾಗಿದ್ದಿತು. ಒಂದೇ ಚೆಂಡನ್ನು ಆಟ ಮುಗಿಯುವವರೆಗೆ ಬಳಸುತ್ತಿದ್ದರು. ಉಗುಳು, ಮಣ್ಣು, ತಂಬಾಕಿನ ರಸ ತಾಗಿ ಅದು ಕಪ್ಪಾಗಿ ಮೆತ್ತಗಾಗುತ್ತಿದ್ದಿತು. ಅಂತಹ ಚೆಂಡು ದೂರ ಹೋಗುವುದಿಲ್ಲ. ಆದುದರಿಂದ ಜಾಣ ದಾಂಡಿಗನು ಬ್ಯಾಟನ್ನು ಹಿಡಿಯ ತುದಿಯಿಂದ ಒಂದು ಗೇಣು ಮೇಲೆ ಹಿಡಿದು, ಚೆಂಡನ್ನು ಮೆಲ್ಲಗೆ ತಟ್ಟಿ, ಕಾವಲುಗಾರರ ನಡುವಣ ಸಂದಿಗೆ ನೂಕಿ ಓಡುತ್ತಿದ್ದನು. ಬೀಸಿ ಹೊಡೆಯಹೋಗಿ ತಪ್ಪುವುದು ಹುಂಬತನವೆಂದೂ ಸ್ಟ್ರೈಕ್‌ಔಟ್ ಆಗುವುದು ನಾಚಿಕೆಗೇಡೆಂದೂ ಹಿರಿಯರು ಕಿರಿಯರಿಗೆ ಬೋಧಿಸುತ್ತಿದ್ದರು. ರೂತನಾದರೋ ಭಾರವಾದ ಬ್ಯಾಟಿನ ತುತ್ತತುದಿಯನ್ನು ಹಿಡಿದು, ಮೈಯನ್ನೆಲ್ಲ ತಿರುಚಿ, ಕೆಳಗಿನಿಂದ ಮೇಲಕ್ಕೆ ಬೀಸುತ್ತಿದ್ದನು. ತಪ್ಪಿದಾಗ ಅವನ ಕಾಲುಗಳು ಒಂದಕ್ಕೊಂದು ಹೆಣೆದುಕೊಂಡು ಮುಗ್ಗರಿಸುವಂತಾಗುತ್ತಿದ್ದಿತು. ಅವನ ತಪ್ಪಿದ ಏಟನ್ನು ನೋಡಲೆಂದೇ ಬರುವ ಜನರಿದ್ದರು.

ಅವನನ್ನು ಯಾರೂ ಏಕೆ ತಿದ್ದಲಿಲ್ಲ? ಅವನು ಪಿಚರ್ ಆಗಿದ್ದುದೇ ಕಾರಣ. ಪಿಚರಿನಿಂದ ಯಾರೂ ಒಳ್ಳೆಯ ಬ್ಯಾಟಿಂಗನ್ನು ನಿರೀಕ್ಷಿಸುವುದಿಲ್ಲ. ಅವನು ಹೇಗೆ ಬೀಸಿದರೂ, ಎಷ್ಟು ಸಲ ತಪ್ಪಿದರೂ ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಅವನು ಮೊದಲಿನಿಂದಲೂ ದಾಂಡಿಗನೆಂದೇ ಬಂದಿದ್ದರೆ ಯಾವನಾದರೊಬ್ಬ ತರಬೇತುಗಾರನು ಆ ಬೀಸನ್ನು ಕತ್ತರಿಸಿ ಮಟ್ಟಸಮಾಡಿಬಿಡುತ್ತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಪಿಚರ್ ಆಗಿ ಅವನು ಸಾಮಾನ್ಯನೂ ಅಲ್ಲ. ೧೯೧೬ರಲ್ಲಿ ೨೩, ೧೯೧೭ರಲ್ಲಿ ೨೪ ಪಂದ್ಯಗಳನ್ನು ಗೆದ್ದುಕೊಟ್ಟನು. ಮಹಾಯುದ್ಧದ ಕೊನೆಯ ವರ್ಷ ಆಟಗಾರರ ಅಭಾವ ಉಂಟಾದಾಗ, ಎಸೆಯದ ದಿನಗಳಲ್ಲಿಯೂ ಅವನನ್ನು ಬ್ಯಾಟಿಂಗಿಗೆ ಇಳಿಸತೊಡಗಿದರು. ೧೯೧೮ರಲ್ಲಿ ಅಮೆರಿಕನ್ ಲೀಗಿನಲ್ಲಿ ಅತಿ ಹೆಚ್ಚು ಹೋಮ್‌ರನ್ ಹೊಡೆದವರಲ್ಲಿ ಅವನೊಬ್ಬ, ೧೧. ಅತಿ ಹೆಚ್ಚು ಸಲ ಸ್ಟ್ರೈಕ್‌ಔಟ್ ಆದವನೂ ಅವನೇ, ೫೮. ಮರುವರ್ಷ ೨೯ ಹೋಮ್‌ರನ್ ಹೊಡೆದು ೧೮೮೪ರಿಂದ ನಿಂತಿದ್ದ ೨೭ರ ದಾಖಲೆಯನ್ನು ಮುರಿದನು. ಆ ಚಳಿಗಾಲದಲ್ಲಿ ಬಾಸ್ಟನ್ನಿನ ಒಡೆಯ ಹ್ಯಾರಿ ಫ್ರೇಜಿ ಒಂದು ಲಕ್ಷ ಡಾಲರಿಗೆ ಅವನನ್ನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಮಾರಿಬಿಟ್ಟನು.

೧೯೨೦ರ ವರ್ಷ ಆಟದ ಮುಖವನ್ನೇ ಬದಲಿಸಿತು. ರೂತ್ ೫೪ ಹೋಮ್‌ರನ್ ಹೊಡೆದನು. ಅವನ ಲೀಗಿನ ಬೇರೆ ಯಾವ ಇಡೀ ತಂಡವೂ ಅಷ್ಟು ಹೊಡೆಯಲಿಲ್ಲ. ಅದೇ ವರ್ಷ ಆಗಸ್ಟ್ ೧೬ರಂದು ನ್ಯೂಯಾರ್ಕಿನ ಮೈದಾನದಲ್ಲಿ, ರೂತನ ಸಂಗಡಿಗ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲೆಂಡಿನ ರೇ ಚಾಪ್‌ಮನ್ನನ ತಲೆಗೆ ಬಡಿಯಿತು. ಮರುದಿನ ಬೆಳಗ್ಗೆ ಚಾಪ್‌ಮನ್ ಅಸುನೀಗಿದನು. ಮಾಸಿದ ಚೆಂಡು ಕಣ್ಣಿಗೆ ಕಾಣುವುದಿಲ್ಲವೆಂಬುದು ಆಗ ಎಲ್ಲರ ಮನಸ್ಸಿಗೂ ಹತ್ತಿತು. ಚೆಂಡು ಕೊಳೆಯಾದೊಡನೆ ಹೊಸದನ್ನು ಕೊಡುವ ಪದ್ಧತಿ ಬಲಗೊಂಡಿತು. ಉಗುಳು ಹಚ್ಚಿ ಎಸೆಯುವುದಕ್ಕೆ ಆ ಋತುವಿನ ಮೊದಲೇ ನಿಷೇಧ ಬಂದಿದ್ದಿತು. ಬೆಳ್ಳಗಿನ ಗಟ್ಟಿ ಚೆಂಡು ರೂತನ ಬೀಸಿಗೆ ಹೇಳಿಮಾಡಿಸಿದಂತಿತ್ತು.

ಚಾಪ್‌ಮನ್ನನ ಜಾಗಕ್ಕೆ ಕ್ಲೀವ್‌ಲೆಂಡಿನವರು ಕರೆತಂದ ಹುಡುಗನ ವಿಷಯ ಇಲ್ಲಿ ಹೇಳದಿದ್ದರೆ ಈ ಲೆಕ್ಕ ಅರ್ಧವಾಗುತ್ತದೆ. ಅಲಬಾಮಾದ ಹಳ್ಳಿಯವನಾದ ಜೋ ಸ್ಯೂಯೆಲ್ ಕುಳ್ಳು ಮೈಯವನು. ವಿಶ್ವವಿದ್ಯಾಲಯದ ಓದು ಮುಗಿಸಿ ಅದೇ ವರ್ಷ ಆಟವನ್ನು ವೃತ್ತಿಯಾಗಿ ಹಿಡಿದಿದ್ದನು. ಸತ್ತವನ ಜಾಗದಲ್ಲಿ ನಿಲ್ಲುವ ಅಳುಕನ್ನು ನುಂಗಿಕೊಂಡು ಅವನು ಹದಿನಾಲ್ಕು ಋತು ಆಡಿದನು. ಸ್ಟ್ರೈಕ್‌ಔಟಿನ ದಾಖಲೆಯಲ್ಲಿ ರೂತನು ಒಂದು ದಡವಾದರೆ ಸ್ಯೂಯೆಲ್ ಆಚೆಯ ದಡ. ೭,೧೩೨ ಸರದಿಗಳಲ್ಲಿ ಅವನು ಸ್ಟ್ರೈಕ್‌ಔಟ್ ಆದದ್ದು ೧೧೪ ಸಲ ಮಾತ್ರ. ೧೯೨೫ರಲ್ಲಿ ೬೦೮ ಸರದಿಗಳಿಗೆ ನಾಲ್ಕೇ ಸಲ. ೧೯೨೯ರಲ್ಲಿ ೧೧೫ ಪಂದ್ಯಗಳನ್ನು ಒಂದೂ ಸ್ಟ್ರೈಕ್‌ಔಟಿಲ್ಲದೆ ಸತತವಾಗಿ ಆಡಿದನು. ಬ್ಯಾಟಿಗೆ ಚೆಂಡು ತಾಗುವ ಕ್ಷಣದವರೆಗೂ ಅವನ ಕಣ್ಣು ಅದನ್ನು ಬಿಡುತ್ತಿರಲಿಲ್ಲವೆಂದು ಕಂಡವರು ಹೇಳುತ್ತಿದ್ದರು. ವಿಚಿತ್ರವೆಂದರೆ ೧೯೩೧ರಿಂದ ೧೯೩೩ರವರೆಗೆ ಇವರಿಬ್ಬರೂ ಒಂದೇ ತಂಡದಲ್ಲಿದ್ದರು. ೧೯೩೨ರಲ್ಲಿ ಸ್ಯೂಯೆಲ್ ೩ ಸಲ, ರೂತ್ ೬೨ ಸಲ ಸ್ಟ್ರೈಕ್‌ಔಟ್ ಆದರು. ಸ್ಯೂಯೆಲ್ ೧೧, ರೂತ್ ೪೧ ಹೋಮ್‌ರನ್ ಹೊಡೆದರು. ಆ ವರ್ಷ ತಂಡ ವಿಶ್ವ ಸರಣಿಯನ್ನು ಗೆದ್ದುಕೊಂಡಿತು. ಯಾರ ಆಟ ಮೇಲು ಎಂಬ ವಾದ ಆ ತಂಡದ ಊಟದ ಮನೆಯಲ್ಲಿ ಎದ್ದಿತ್ತೋ ಇಲ್ಲವೋ, ಇಬ್ಬರೂ ಬೇಕಾಗಿದ್ದರೆಂಬುದಂತೂ ನಿಜ.

ಇಷ್ಟು ತಪ್ಪುವವನು ಕಣ್ಣು ಮುಚ್ಚಿ ಬೀಸುವವನಿರಬೇಕೆಂದು ಯಾರಾದರೂ ಭಾವಿಸಿದರೆ ಅದು ಸರಿಯಲ್ಲ. ೧೯೨೧ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಪ್ರಯೋಗಶಾಲೆಯಲ್ಲಿ ಅವನ ಕಣ್ಣು, ಕಿವಿ, ಕೈಗಳ ಚುರುಕನ್ನು ಯಂತ್ರಗಳಿಂದ ಅಳೆದು, ಸಾಮಾನ್ಯರಿಗಿಂತ ಬಹಳ ಮೇಲೆಂದು ಕಂಡುಕೊಂಡರು. ಕೆಟ್ಟ ಚೆಂಡನ್ನು ಬಿಡುವ ತಾಳ್ಮೆಯೂ ಅವನಿಗಿದ್ದಿತು. ೧೯೨೩ರಲ್ಲಿ ಪಿಚರುಗಳು ಹೆದರಿ ಚೆಂಡನ್ನು ಅತ್ತಿತ್ತ ಎಸೆದುದರಿಂದ ೧೭೦ ಸಲ ಅವನು ಹೊಡೆಯದೆಯೇ ಮೊದಲ ಬೇಸಿಗೆ ನಡೆದನು. ಅವನ ಸ್ಟ್ರೈಕ್‌ಔಟುಗಳು ಅತಿ ಹೆಚ್ಚಾದದ್ದೂ ಆ ವರ್ಷವೇ, ೯೩. ಬ್ಯಾಟಿಂಗಿನ ಸರಾಸರಿ ಬಾಳಿನಲ್ಲೇ ಅತಿ ಮೇಲಕ್ಕೇರಿ ಸಾವಿರಕ್ಕೆ ೩೯೩ ಆದದ್ದೂ ಆ ವರ್ಷವೇ. ೧೯೨೭ರಲ್ಲಿ ೬೦ ಹೋಮ್‌ರನ್, ೮೯ ಸ್ಟ್ರೈಕ್‌ಔಟ್. ಎರಡರಲ್ಲಿಯೂ ಲೀಗಿಗೆ ಮೊದಲಿಗ. ಒಟ್ಟು ಐದು ಋತುಗಳಲ್ಲಿ ಸ್ಟ್ರೈಕ್‌ಔಟಿನ ಮೊದಲ ಸ್ಥಾನ ಅವನದಾಗಿತ್ತು. ಆ ಐದರಲ್ಲಿ ಪ್ರತಿಯೊಂದರಲ್ಲಿಯೂ ಹೋಮ್‌ರನ್ನಿನ ಮೊದಲ ಸ್ಥಾನವೂ ಅವನಿಗೇ ಸಂದಿದ್ದಿತು.

ಅವನ ದೋಷಗಳನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ಊಟ, ಕುಡಿತ, ರಾತ್ರಿಯ ತಿರುಗಾಟ ಯಾವುದಕ್ಕೂ ಮಿತಿಯಿರಲಿಲ್ಲ. ೧೯೨೨ರಲ್ಲಿ ನಿಯಮ ಮೀರಿ ಊರೂರು ಪ್ರದರ್ಶನದ ಆಟವಾಡಿದ್ದಕ್ಕಾಗಿ ಋತುವಿನ ಮೊದಲ ವಾರಗಳಲ್ಲಿ ಹೊರಗುಳಿಯಬೇಕಾಯಿತು. ಆ ವರ್ಷದ ವಿಶ್ವ ಸರಣಿಯಲ್ಲಿ ೧೭ ಸರದಿಗೆ ಎರಡೇ ಏಟು ತಾಗಿಸಿದನು. ೧೯೨೫ರಲ್ಲಿ ಆಶ್‌ವಿಲ್ ಎಂಬ ಊರಿನಲ್ಲಿ ಕುಸಿದುಬಿದ್ದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡನು; ಗುಣವಾಗಿ ಬಂದ ಮೇಲೂ ನಡತೆ ತಿದ್ದಿಕೊಳ್ಳದೆ ಮ್ಯಾನೇಜರ್ ಮಿಲ್ಲರ್ ಹಗಿನ್ಸನಿಂದ ಐದು ಸಾವಿರ ಡಾಲರು ದಂಡ ತೆತ್ತನು. ಹತ್ತೊಂಬತ್ತರ ಹರೆಯದಲ್ಲಿ ಮದುವೆಯಾಗಿದ್ದ ಹೆಲೆನಳಿಂದ ದೂರವಾದನು. ಆಕೆ ೧೯೨೯ರ ಜನವರಿಯಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ಸತ್ತಳು. ಆ ವರ್ಷವೇ ಕ್ಲೇರ್ ಹಾಜ್‌ಸನ್ ಎಂಬಾಕೆಯನ್ನು ಮದುವೆಯಾದನು. ಮಕ್ಕಳ ಗುಂಪನ್ನು ಕಂಡರೆ ಮಾತ್ರ ಅವನು ಬೇರೊಬ್ಬನೇ ಆಗುತ್ತಿದ್ದನು. ಆಸ್ಪತ್ರೆಗಳಿಗೂ ಅನಾಥಾಲಯಗಳಿಗೂ ಹೋಗಿ ಕುಳಿತುಬಿಡುತ್ತಿದ್ದನು.

ಅವನ ಸ್ಟ್ರೈಕ್‌ಔಟುಗಳಲ್ಲಿ ಕೆಲವು ಅವನ ಹೋಮ್‌ರನ್ನುಗಳಷ್ಟೇ ಪ್ರಸಿದ್ಧವಾಗಿವೆ. ೧೯೩೧ರ ಏಪ್ರಿಲ್ ೨ರಂದು ಟೆನೆಸ್ಸಿಯ ಚಟನೂಗಾ ನಗರದಲ್ಲಿ ಪ್ರದರ್ಶನ ಪಂದ್ಯವೊಂದು ನಡೆಯಿತು. ಸ್ಥಳೀಯ ತಂಡದ ಪರವಾಗಿ ಚೆಂಡೆಸೆಯಲು ಬಂದವಳು ಜ್ಯಾಕಿ ಮಿಚೆಲ್ ಎಂಬ ಹದಿನೇಳರ ಹುಡುಗಿ. ರೂತ್ ಎರಡು ಸಲ ಬೀಸಿ ತಪ್ಪಿದನು. ಮೂರನೆಯದನ್ನು ಬಿಟ್ಟನು, ಅದು ಸ್ಟ್ರೈಕ್ ಎಂದು ತೀರ್ಪಾಯಿತು. ಬ್ಯಾಟನ್ನು ಬಿಸುಟು ರೇಗುತ್ತ ಹೊರಟುಹೋದನು. ಅವನ ಹಿಂದೆ ಬಂದ ಲೂ ಗೆರಿಗ್ ಮೂರು ಚೆಂಡಿಗೆ ಮೂರೂ ತಪ್ಪಿದನು. ಚಟನೂಗಾ ತಂಡದ ಒಡೆಯನು ಜನರನ್ನು ಸೇರಿಸಲು ಬಗೆಬಗೆಯ ತಮಾಷೆ ಹೂಡುವವನೆಂದು ಹೆಸರಾಗಿದ್ದುದರಿಂದ, ಇದು ಮೊದಲೇ ಮಾತಾಡಿಕೊಂಡ ನಾಟಕವೆಂದು ಹಲವರು ಅಂದಿನಿಂದಲೂ ವಾದಿಸುತ್ತಾರೆ. ತಾನು ನಿಜವಾಗಿಯೇ ಅವರನ್ನು ಸೋಲಿಸಿದೆನೆಂದು ಜ್ಯಾಕಿ ಮಿಚೆಲ್ ೧೯೮೭ರಲ್ಲಿ ತೀರಿಕೊಳ್ಳುವವರೆಗೂ ಹೇಳಿದಳು. ಸಾವಿರಾರು ಸಲ ತಪ್ಪಿದವನು ಅಂದು ಬೇಕೆಂದೇ ತಪ್ಪಬೇಕಾದ ಪ್ರಮೇಯವೇನಿದ್ದಿತೆಂದು ನಾನು ಆಕೆಯ ಪಕ್ಷವನ್ನೇ ವಹಿಸುತ್ತೇನೆ.

೧೯೩೪ರಲ್ಲಿ ಅಂತಹವು ಎರಡು ನಡೆದವು. ಜುಲೈ ೧೦ರಂದು ಎರಡು ಲೀಗುಗಳ ಆಯ್ದ ಆಟಗಾರರ ಪಂದ್ಯದಲ್ಲಿ ಕಾರ್ಲ್ ಹಬಲ್ ಎಂಬ ಪಿಚರ್ ರೂತ್, ಗೆರಿಗ್, ಫಾಕ್ಸ್, ಸಿಮನ್ಸ್, ಕ್ರೋನಿನ್ ಐವರನ್ನೂ ಒಬ್ಬರ ಹಿಂದೊಬ್ಬರಂತೆ ಸ್ಟ್ರೈಕ್‌ಔಟ್ ಮಾಡಿದನು. ಆ ವರ್ಷದ ಕೊನೆಗೆ ಅಮೆರಿಕದ ತಂಡ ಜಪಾನಿಗೆ ಹೋಯಿತು. ಟೋಕಿಯೋದ ಬೀದಿಗಳಲ್ಲಿ ರೂತನನ್ನು ನೋಡಲು ಜನಸಾಗರವೇ ನೆರೆದಿದ್ದಿತು. ಅವರು ಆಡಿದ ಪಂದ್ಯಗಳಲ್ಲೆಲ್ಲ ಜಪಾನೀಯರು ಸೋಲುತ್ತ ಬಂದರು. ನವೆಂಬರ್ ೨೦ರಂದು ಶಿಜುವೋಕಾದಲ್ಲಿ, ಶಾಲೆಯ ಬೆಂಚಿನಿಂದ ನೇರವಾಗಿ ಬಂದ ಹದಿನೇಳರ ಸವಾಮುರಾ ಏಜಿ ಚೆಂಡೆಸೆಯಲು ನಿಂತನು. ಗೆರಿಂಜರ್, ರೂತ್, ಗೆರಿಗ್, ಫಾಕ್ಸ್ ನಾಲ್ವರೂ ಸಾಲಾಗಿ ಸ್ಟ್ರೈಕ್‌ಔಟ್ ಆದರು. ಕೊನೆಗೆ ಗೆರಿಗನ ಒಂದು ಹೋಮ್‌ರನ್ನಿನಿಂದ ಅಮೆರಿಕ ೧-೦ ಅಂತರದಲ್ಲಿ ಗೆದ್ದಿತಾದರೂ ಜಪಾನಿನ ಜನ ಅದನ್ನು ಸೋಲೆಂದು ಎಣಿಸಲಿಲ್ಲ. ಆ ಹುಡುಗನು ಮುಂದೆ ಸೈನ್ಯಕ್ಕೆ ಸೇರಿ, ೧೯೪೪ರಲ್ಲಿ ಅವನಿದ್ದ ಹಡಗು ಅಮೆರಿಕದ ಜಲಾಂತರ್ಗಾಮಿಗೆ ಗುರಿಯಾಗಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮಡಿದನು. ಜಪಾನಿನಲ್ಲಿ ಅತ್ಯುತ್ತಮ ಪಿಚರಿಗೆ ೧೯೪೭ರಿಂದ ಕೊಡುತ್ತ ಬಂದಿರುವ ಪ್ರಶಸ್ತಿಗೆ ಅವನ ಹೆಸರಿದೆ. ಪರ್ಲ್ ಹಾರ್ಬರ್ ದಾಳಿಯ ಸುದ್ದಿ ಕೇಳಿದಾಗ ರೂತ್ ಸಿಟ್ಟಿನಿಂದ ಜಪಾನಿನಿಂದ ತಂದಿದ್ದ ಹೂದಾನಿಗಳನ್ನು ಒಡೆದುಹಾಕಿದನೆಂದು ಮನೆಯವರು ಮುಂದೆ ನೆನೆದದ್ದುಂಟು.

ಅವನ ಬಾಳಿನ ನಿಜವಾದ ಸೋಲು ಯಾವ ಅಂಕಣದಲ್ಲಿಯೂ ಬರೆದಿಲ್ಲ. ಆಟ ಕುಂದತೊಡಗಿದಾಗ ಒಂದು ತಂಡದ ಮ್ಯಾನೇಜರ್ ಆಗಬೇಕೆಂಬುದು ಅವನ ದೊಡ್ಡ ಆಸೆಯಾಗಿತ್ತು. ತನ್ನನ್ನೇ ಆಳಿಕೊಳ್ಳಲಾರದವನು ಇತರರನ್ನು ಹೇಗೆ ಆಳಿಯಾನೆಂದು ಒಡೆಯರು ಕೇಳಿದರು. ೧೯೩೫ರಲ್ಲಿ ಬಾಸ್ಟನ್ ಬ್ರೇವ್ಸ್ ತಂಡ ಮುಂದೆ ಆ ಪದವಿ ಸಿಗುವ ಆಸೆ ಹುಟ್ಟಿಸಿ ಕರೆಯಿತು. ಮೈ ದಪ್ಪವಾಗಿ, ಮೊಣಕಾಲು ಸೋತು, ಚೆಂಡಿಗೆ ಕಣ್ಣು ತಾಗದಾಗಿದ್ದಿತು. ಹಾಗಿದ್ದೂ ಮೇ ೨೫ರಂದು ಪಿಟ್ಸ್‌ಬರ್ಗಿನಲ್ಲಿ ಒಂದೇ ದಿನ ಮೂರು ಹೋಮ್‌ರನ್ ಹೊಡೆದನು. ಮೂರನೆಯದು ೭೧೪ನೆಯದು, ಮೈದಾನದ ಮಾಡನ್ನೇ ಹಾರಿ ಆಚೆ ಬಿದ್ದಿತು. ಅಂದೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಇನ್ನೂ ಐದು ದಿನ ಎಳೆದಾಡಿ, ಬಳಿಕ ಬಿಟ್ಟನು. ೧೯೩೮ರಲ್ಲಿ ಬ್ರೂಕ್ಲಿನ್ ತಂಡ ಅವನನ್ನು ತರಬೇತುಗಾರನೆಂದು ಇರಿಸಿಕೊಂಡದ್ದು ಜನರನ್ನು ಸೆಳೆಯುವುದಕ್ಕಾಗಿ. ದೊಡ್ಡ ಲೀಗಿನ ತಂಡಕ್ಕೆ ಮ್ಯಾನೇಜರ್ ಆಗಲು ಕರೆ ಎಂದಿಗೂ ಬರಲಿಲ್ಲ.

೧೯೪೬ರಲ್ಲಿ ಮೂಗು ಗಂಟಲುಗಳ ಹಿಂದೆ ಕ್ಯಾನ್ಸರ್ ಕಾಣಿಸಿಕೊಂಡಿತು. ಆಗಿನ್ನೂ ಹೊಸದಾಗಿದ್ದ ಔಷಧವೊಂದನ್ನು ಅವನ ಮೇಲೆ ಪ್ರಯೋಗಿಸಿದರು. ೧೯೪೮ರ ಜೂನ್ ೧೩ರಂದು ಯಾಂಕೀ ಕ್ರೀಡಾಂಗಣದಲ್ಲಿ ಅವನ ೩ನೆಯ ಸಂಖ್ಯೆಯ ಅಂಗಿಗೆ ನಿವೃತ್ತಿ ಕೊಟ್ಟರು; ಬ್ಯಾಟೊಂದನ್ನು ಊರುಗೋಲಿನಂತೆ ಹಿಡಿದು ನಿಂತ ಅವನ ಬೆನ್ನಿನ ಛಾಯಾಚಿತ್ರ ಅಂದಿನದು. ನಾಲ್ವತ್ತಾರು ವರ್ಷಗಳ ಹಿಂದೆ ಅದೇ ಜೂನ್ ೧೩ರಂದೇ ತಂದೆತಾಯಿಗಳು ಅವನನ್ನು ಸೇಂಟ್ ಮೇರೀಸಿನ ಬಾಗಿಲಲ್ಲಿ ಬಿಟ್ಟುಹೋಗಿದ್ದರು. ಆಗಸ್ಟ್ ೧೬ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ಅವನು ಕಣ್ಣು ಮುಚ್ಚಿದನು. ಕ್ರೀಡಾಂಗಣದಲ್ಲಿ ಇರಿಸಿದ ಅವನ ಶವವನ್ನು ನೋಡಲು ಹತ್ತಾರು ಸಾವಿರ ಜನ ಸಾಲುಗಟ್ಟಿ ನಿಂತರು. ಹೆಗಲ ಮೇಲೆ ಮಕ್ಕಳನ್ನು ಹೊತ್ತು ಬಂದ ತಂದೆಯರು ಅವರಲ್ಲಿ ಬಹಳವಿದ್ದರು.

ಅವನ ಎರಡು ದಾಖಲೆಗಳಲ್ಲಿ ಮೊದಲು ಬಿದ್ದದ್ದು ಸ್ಟ್ರೈಕ್‌ಔಟಿನದು. ೧೯೬೪ರಲ್ಲಿ ಅದೇ ಯಾಂಕೀಸ್ ತಂಡದ ಮಿಕಿ ಮ್ಯಾಂಟಲ್ ೧,೩೩೦ನ್ನು ದಾಟಿ, ೧,೭೧೦ಕ್ಕೆ ನಿಂತನು. ಆ ತಂಡದಲ್ಲಿಯೂ ಕೆಲವು ಕಾಲ ಆಡಿದ್ದ ರೆಜಿ ಜ್ಯಾಕ್‌ಸನ್ ೧೯೮೭ರಲ್ಲಿ ಆಟ ಬಿಡುವ ಹೊತ್ತಿಗೆ ಅದನ್ನು ೨,೫೯೭ಕ್ಕೆ ಏರಿಸಿದ್ದನು. ೨೦೦೯ರಲ್ಲಿ ಮಾರ್ಕ್ ರೆನಾಲ್ಡ್ಸ್ ಒಂದೇ ಋತುವಿನಲ್ಲಿ ೨೨೩ ಸಲ ಸ್ಟ್ರೈಕ್‌ಔಟ್ ಆದನು. ರೂತನ ಅತಿ ಕೆಟ್ಟ ವರ್ಷದ ೯೩ ಅದರ ಅರ್ಧವೂ ಅಲ್ಲ. ೨೦೧೮ರಲ್ಲಿ ದೊಡ್ಡ ಲೀಗುಗಳ ಒಟ್ಟು ಸ್ಟ್ರೈಕ್‌ಔಟುಗಳು ತಾಗಿದ ಏಟುಗಳ ಸಂಖ್ಯೆಯನ್ನೇ ಮೊದಲ ಬಾರಿಗೆ ಮೀರಿದವು. ಎಲ್ಲರೂ ರೂತನಂತೆ ಬ್ಯಾಟಿನ ತುದಿ ಹಿಡಿದು ಬೀಸುವವರೇ ಆಗಿದ್ದಾರೆ. ಜೋ ಸ್ಯೂಯೆಲ್ ೧೯೯೦ರಲ್ಲಿ, ತೊಂಬತ್ತೊಂದು ತುಂಬಿದ ಮೇಲೆ, ತೀರಿಕೊಂಡನು. ಅವನ ೧೧೪ರ ಹತ್ತಿರಕ್ಕೆ ಅಷ್ಟು ಕಾಲ ಆಡಿದ ಯಾರೂ ಅನಂತರ ಸುಳಿದಿಲ್ಲ.